ಹೆಚ್ಚು ಮತ ಪಡೆದು ಸೋತ ಅಟ್ಲಿ

ಎಪ್ಪಿಂಗ್, ಸಿಡ್ನಿ
14 ಡಿಸೆಂಬರ್ 2008

ಮುದ್ದಿನ ಭವ್ಯಾ,

ಫೋನ್ ಎತ್ತದವರಿಗೆ ಪತ್ರವೇ ಗತಿ. ಇದನ್ನು ನೀನು ಅರ್ಧಕ್ಕೆ ಕಟ್ ಮಾಡಲಾರೆಯಲ್ಲ!

ನಿನ್ನ ಗಂಡ ಜಯೇಶ್ ಎಲ್ಲ ಹೇಳಿದ. ಮೆಲ್ಬರ್ನ್‌ನ ಕೌನ್ಸಿಲ್ ಚುನಾವಣೆಯಲ್ಲಿ ಮೂವತ್ತೆಂಟು ಮತಗಳಿಂದ ಸೋತದ್ದಕ್ಕೆ ಇನ್ನು ಜನ್ಮದಲ್ಲಿ ನಿಲ್ಲುವುದಿಲ್ಲ ಎಂದೆಯಂತೆ. ಕನ್ನಡದವರೇ ಮನೆಗೆ ಕರೆದು ಗೋಳಿಬಜೆ ಕೊಟ್ಟು, ಮತ ಮಾತ್ರ ಬೇರೆಯವರಿಗೆ ಹಾಕಿದರು ಎಂದೂ ಅಂದೆಯಂತೆ. ನಿನ್ನನ್ನು ಮನೆಮನೆಗೆ ಕರೆದುಕೊಂಡು ತಿರುಗಿದ ಗೆಳತಿ ಉಷಾಳ ಜೊತೆ ಮಾತೂ ಬಿಟ್ಟಿದ್ದೀಯಂತೆ. ನನಗೆ ಇದು ಸರಿ ಕಾಣಲಿಲ್ಲ.

ಉಡುಪಿಯ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಈಗಲೂ ಮಾಡದೆ ಬಿಡುವುದಿಲ್ಲ. ಕ್ಲೆಮೆಂಟ್ ಅಟ್ಲಿ ನೆನಪಿದೆಯಾ? ನಮಗೆ ಸ್ವಾತಂತ್ರ್ಯ ಬಂದಾಗಿನ ಬ್ರಿಟನ್ನಿನ ಪ್ರಧಾನಿ. ಬೋಳುತಲೆ, ಮೀಸೆ, ಬಾಯಲ್ಲಿ ಪೈಪು. ಹತ್ತು ಮಾತು ಬೇಕಾದಲ್ಲಿ ಎರಡೇ ಆಡುವವನು. ಅಂಥವನು 1945ರಲ್ಲಿ ಚರ್ಚಿಲ್ಲನನ್ನೇ ಸೋಲಿಸಿದ. ಕಾಯಿಲೆ ಬಿದ್ದ ಬಡವನೂ ದುಡ್ಡಿಲ್ಲದೆ ಡಾಕ್ಟರ ಬಳಿ ಹೋಗುವಂತೆ ಮಾಡಿದ. ದೇಶ ವಿಭಜನೆಯಲ್ಲಿ ಅವಸರ ಮಾಡಿದ ಎಂದು ತರಗತಿಯಲ್ಲಿ ನಾನೇ ಅವನನ್ನು ಬೈದದ್ದುಂಟು, ಆ ಬೈಗುಳ ವಾಪಸ್ ತೆಗೆದುಕೊಳ್ಳುವುದೂ ಇಲ್ಲ.

1951ರಲ್ಲಿ ಎದುರಾಳಿಗಳಿಗಿಂತ ಅವನ ಪಕ್ಷಕ್ಕೇ ಹೆಚ್ಚು ಮತ ಬಿತ್ತು. ಸೀಟು ಕಡಿಮೆ ಬಂದು ಸೋತ. ಆದರೆ ನಿನ್ನ ಹಾಗೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಇನ್ನೂ ನಾಲ್ಕು ವರ್ಷ ವಿರೋಧ ಪಕ್ಷದ ನಾಯಕನಾಗಿ ಕೂತ. ಗೆದ್ದು ಬಂದವರು ಅವನ ಆರೋಗ್ಯ ಸೇವೆಯನ್ನು ಕಿತ್ತುಹಾಕಲಿಲ್ಲ. ನಾಲ್ಕು ವರ್ಷದ ಹಿಂದೆ ಅಲ್ಲಿನ ವಿದ್ವಾಂಸರ ನಡುವೆ ನಡೆದ ಸಮೀಕ್ಷೆಯಲ್ಲಿ ಇಪ್ಪತ್ತನೇ ಶತಮಾನದ ಬ್ರಿಟಿಷ್ ಪ್ರಧಾನಿಗಳಲ್ಲಿ ಅವನಿಗೇ ಮೊದಲ ಸ್ಥಾನ ಸಿಕ್ಕಿತು.

ಪ್ರಚಾರದಲ್ಲಿ ನೀನು ಕೇಳಿದ್ದ, ಶಾಲೆ ಎದುರು ಮಕ್ಕಳು ರಸ್ತೆ ದಾಟುವ ಕ್ರಾಸಿಂಗನ್ನು ಗೆದ್ದವನು ಮಾಡಿಸುತ್ತೇನೆ ಎಂದಿದ್ದಾನಂತೆ. ಮಾಡಿಸಲಿ, ಅದು ನಿನ್ನದೇ. 2012ರಲ್ಲಿ ಮತ್ತೆ ನಿಲ್ಲು. ಗೆಲ್ಲುತ್ತೀ. ಇದು ಬರೀ ತಾಯಿಯ ಮಾತಲ್ಲ. ಎಣಿಕೆಯ ದಿನ ನಿನ್ನ ಏಜೆಂಟಾಗಿ ಮೇಜಿನ ಬಳಿ ನಿಂತು ಒಂದೊಂದು ಮತಪತ್ರ ನೋಡಿದವಳ ಮಾತು. ಕನ್ನಡದವರನ್ನು ಬೈಯುವುದು ಮಾತ್ರ ನಿಲ್ಲಿಸು. ಯಾಕೆ ಎಂದು ಕೇಳಬೇಡ.

ನಿನ್ನ ಮೇಲೆ ಒಂದು ಚೂರೂ ಅನುಮಾನವಿಲ್ಲದ,
ಅಮ್ಮ
(ಸ್ವರ್ಣಲತಾ)

ತಾ.ಕ.: ಕೇಳಬೇಡ ಎಂದೆ, ಆದರೆ ಹೇಳದೆ ಕವರ್ ಅಂಟಿಸಲು ಕೈ ಬರಲಿಲ್ಲ. ಇಲ್ಲಿ ಸಿಡ್ನಿಯಲ್ಲಿ ರಾಜ್ಯದ ಚುನಾವಣೆಗೆ ನಮಗೆ ಬೇಕಾದವರ ಎದುರು 1 ಎಂದು ಬರೆದು ಉಳಿದ ಚೌಕಗಳನ್ನು ಇಷ್ಟದ ಕ್ರಮದಲ್ಲಿ 2, 3 ಎಂದು ತುಂಬದೆ ಖಾಲಿ ಬಿಟ್ಟರೂ ಮತ ನಡೆಯುತ್ತದೆ. ನಿಮ್ಮ ಮೆಲ್ಬರ್ನ್‌ನಲ್ಲೂ ಹಾಗೆಯೇ ಎಂದುಕೊಂಡೆ. ಉಷಾಳಿಂದ ನಂಬರ್ ಇಸಿದುಕೊಂಡು ಕನ್ನಡದ ಮನೆಮನೆಗೆ ಫೋನ್ ಮಾಡಿ, ಉಳಿದವರಿಗೆ ಅಂಕಿ ಹಾಕಿ ಮತ ಹಂಚಬೇಡಿ ಎಂದವಳು ನಾನೇ. ಮೇಡಂ ಹೇಳಿದ್ದಾರಲ್ಲ ಎಂದು ಯಾರೂ ಸೂಚನೆ ಓದಲಿಲ್ಲ. ನಿಮ್ಮಲ್ಲಿ ಎಲ್ಲ ಚೌಕಕ್ಕೂ ಅಂಕಿ ಹಾಕಲೇಬೇಕು ಎಂದು ನನಗೆ ಗೊತ್ತಾದದ್ದು ಎಣಿಕೆಯ ಮೇಜಿನ ಬಳಿ. ಅರವತ್ತೊಂದು ಮತಪತ್ರ ತಿರಸ್ಕಾರವಾದವು. ಅಷ್ಟರಲ್ಲೂ ಇದ್ದದ್ದು ಒಂದೇ ಅಂಕಿ, ನಿನ್ನ ಹೆಸರಿನ ಎದುರು. ಎರಡು ವಾರದಿಂದ ಇದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ನಿನ್ನನ್ನು ಸೋಲಿಸಿದವಳು ನಾನು ಮಗಳೇ. ಮೊದಲು ಉಷಾಳಿಗೆ ಫೋನ್ ಮಾಡು. ನನಗೆ, ನಿನ್ನ ಸಿಟ್ಟು ಇಳಿದ ಮೇಲೆ ಮಾಡಿದರೆ ಸಾಕು.