ಕೆಂಪು ದೀಪದಲ್ಲಿ ಕಂಡ ಕಪ್ಪಿಲಿ

ಊರಿನವರಿಗೆಲ್ಲ ಸಂಬಂಧ ಕುದುರಿಸುವ ದೊಡ್ಡಮ್ಮನಿಗೆ, ಇಲಿಗಳ ವಂಶಾವಳಿಯನ್ನು ಜಾಲತಾಣಕ್ಕೇರಿಸುವ ನಿನ್ನ ತಂಗಿಯ ಮಗಳ ನಮಸ್ಕಾರ.

ಇಲ್ಲಿ ನಮ್ಮ ಪ್ರಯೋಗಾಲಯದ ಇಲಿಗಳ ಕೋಣೆಯಲ್ಲಿ ಉರಿಯುವುದು ಕೆಂಪು ದೀಪ. ಆ ಬೆಳಕು ಅವುಗಳಿಗೆ ಕತ್ತಲೆಯಿದ್ದಂತೆ. ಆ ಮಂದ ಕೆಂಪಿನಲ್ಲಿ ನೋಡಿ, ಒಂದು ಕಂದು ಗಂಡಿಲಿಯನ್ನು ಕಪ್ಪೆಂದು ದಾಖಲಿಸಿಬಿಟ್ಟೆ. ಅದನ್ನು ಓದಿದ ದೂರದ ಸಂಶೋಧಕರೊಬ್ಬರು, "ಅಮ್ಮನಂತೆ ಅಪ್ಪನೂ ಕಪ್ಪಿದ್ದು ಮರಿಗಳೆಲ್ಲ ಕಂದು ಹೇಗೆ? ತಂದೆ ಬೇರೆ ಯಾರೋ ಇರಬೇಕು" ಎಂದು ಬರೆದರು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಆದರೂ ಆ ಪತ್ರವನ್ನು ಮೇಲಧಿಕಾರಿಗೆ ತೋರಿಸಿದೆ. ಅವರು ಇಲಿಯನ್ನು ಕಿಟಕಿಯ ಬಳಿ ತಂದು ನೋಡಿ ನಕ್ಕರು. "ಏನಮ್ಮಾ, ಚೆನ್ನಾಗಿದ್ದ ಸಂಸಾರಕ್ಕೆ ಹುಳಿ ಹಿಂಡಿದೆಯಲ್ಲ! ಮೊದಲು ಆ ತಾಯಿಯ ಮಾನ ಉಳಿಸು." ತಕ್ಷಣ ತಿದ್ದಿದೆ. ನೌಕರಿಗೆ ಕುತ್ತು ಬರಲಿಲ್ಲ.

ನನ್ನ ನೆಗಡಿ ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ನೀನು ಕಳಿಸಿದ ವರನ ಫೋಟೊ ತಲುಪಿದೆ. ಆದರೆ ಹಗಲಿನಲ್ಲಿ ಕಣ್ಣಾರೆ ನೋಡದೆ ಇನ್ನು ಯಾವ ಗಂಡಿನ ಬಗ್ಗೆಯೂ ನಾನು ಏನೂ ಬರೆದುಕೊಡುವುದಿಲ್ಲ.