ಅಪ್ಪನ ದೋಣಿಗೆ ಬಂದ ಬಹುಮಾನ

ಕೈರೋ, ಶನಿವಾರ

ವಗ್ದಿ ಅಣ್ಣನಿಗೆ,

ನಿನ್ನೆ ಹಳೆಯ ದೋಣಿಗಳ ಪ್ರದರ್ಶನದಲ್ಲಿ ಅಪ್ಪನ ದೋಣಿಗೆ ಮೊದಲ ಬಹುಮಾನ ಬಂತಲ್ಲ, ಸಂತೋಷ. ನಾನೂ ಅಲ್ಲೇ ನಿಂತಿದ್ದೆ. "ಎಂಟು ವರ್ಷ ಒಬ್ಬನೇ ಕೂತು ರಿಪೇರಿ ಮಾಡಿದೆ" ಅಂತ ನೀನು ಹೇಳುತ್ತಿದ್ದೆ. ಯಾರೋ ನನ್ನತ್ತ ಕೈ ತೋರಿಸಿದರು. "ಅವಳಾ? ನನ್ನ ತಂಗಿ. ಚಹಾ ತಂದುಕೊಡ್ತಿದ್ಳು" ಅಂದೆ ನೀನು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಆ ಹಲಗೆಗಳನ್ನು ಉಜ್ಜಿ ಕೂರಿಸುತ್ತಿದ್ದ ಎಂಟು ವರ್ಷದಲ್ಲಿ ನೀನು ದೋಣಿ ನಿಲ್ಲಿಸಿದ್ದ ಮರೀನಾಕ್ಕೆ ಬಂದದ್ದು ಎರಡೇ ಸಲ. ಎರಡು ಸಲವೂ ಚಹಾ ಕೊಟ್ಟವಳು ನಾನೇ, ಅದು ನಿಜ.

ಇವತ್ತು ಬೆಳಿಗ್ಗೆ ಹೋದರೆ ದೋಣಿಯ ಬೀಗ ಬದಲಾಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಎಡಬದಿಯ ಮೂರನೆಯ ಹಲಗೆ ಇನ್ನೂ ಸೋರುತ್ತದೆ. ಮಕ್ಕಳನ್ನು ನೈಲ್ ಮೇಲೆ ಕರೆದೊಯ್ಯುವ ಮುನ್ನ ಬಡಗಿಯನ್ನು ಕರೆಸು. ಮೊದಲು ಏನೇನು ಮಾಡಿದ್ದೀರಿ ಎಂದು ಅವನು ಕೇಳಿದರೆ, ನನ್ನ ಮನೆಗೆ ಕಳಿಸು.

ನಿನ್ನ ತಂಗಿ,
ಶಾಹಿರಾ