ಎರಡನೇ ಕೋಟೆಯ ರಾಗ

ಗುಂಡ್ಲುಪೇಟೆ
೧೭ ನವೆಂಬರ್, ಮಧ್ಯಾಹ್ನ

ಪ್ರೀತಿಯ ಕಾವ್ಯಾ,

ಅದಕ್ಕೇ ಹೇಳಿದ್ದು, ನಾನು ಕಳಿಸಿದ ರೆಕಾರ್ಡಿಂಗಿನಿಂದ ಗ್ರೈಂಡರಿನ ಸದ್ದನ್ನು ತೆಗೆಯಬೇಡ ಎಂದು. ನಿನ್ನೆ ಅಷ್ಟು ಹೇಳುವಷ್ಟರಲ್ಲಿ ಲೈನು ಹೋಯಿತು. ಮತ್ತೆ ಮಾಡಿದರೆ ಮಸ್ಕತ್ತಿನ ಹೆಂಗಸೊಬ್ಬಳು ಅರಬ್ಬಿಯಲ್ಲಿ ಏನೋ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ‘ಪ್ಲೀಸ್ ಟ್ರೈ ಲೇಟರ್’ ಅಂದಳು. ಲೇಟರ್ ಎಂದರೆ ಎಷ್ಟು ಹೊತ್ತು ಎಂದು ಅವಳೂ ಹೇಳಲಿಲ್ಲ. ಅದಕ್ಕೆ ಕಾಗದ ಬರೆಯಲು ಕೂತೆ. ಫೋನಿನಲ್ಲಿ ನನ್ನ ಮಾತು ಅಡ್ಡದಾರಿ ಹಿಡಿಯುತ್ತದೆ ಅನ್ನುತ್ತೀಯ. ಕಾಗದದಲ್ಲೂ ಹಿಡಿಯುತ್ತದೆ, ಆದರೆ ನಡುವೆ ‘ಹೂಂ ಅಪ್ಪಾ, ಆಮೇಲೆ?’ ಅನ್ನಲು ನಿನಗೆ ಅವಕಾಶವಿಲ್ಲ.

ನಿನ್ನ ಸೊಂಟ ನೋವು ಹೇಗಿದೆ? ಲ್ಯಾಬಿನಲ್ಲಿ ದಿನವೆಲ್ಲ ಬಗ್ಗಿ ಕೆಲಸ ಮಾಡಿ, ಸಂಜೆ ಆ ಔದ್ ವಾದ್ಯವನ್ನು ತೊಡೆಯ ಮೇಲಿಟ್ಟು ಮತ್ತೆ ಬಗ್ಗುತ್ತೀಯ. ಒಂದು ದಿಂಬಾದರೂ ಇಟ್ಟುಕೋ. ಅಳಿಯಂದಿರ ಸಕ್ಕರೆ ಹತೋಟಿಗೆ ಬಂತೆ? ಖರ್ಜೂರ ಹಣ್ಣಲ್ಲವೇ, ಏನೂ ಆಗುವುದಿಲ್ಲ ಎಂದು ವಾದ ಮಾಡುತ್ತಾರಂತೆ, ಅದು ನಡೆಯುವ ವಾದವಲ್ಲ ಎಂದು ತಿಳಿಸು. ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ತಕರಾರು ತೆಗೆಯುತ್ತದೆ, ಇಳಿಯುವಾಗ ನೋ ಅಬ್ಜೆಕ್ಷನ್.

ನೀನು ಹೋದ ತಿಂಗಳು ಫೋನು ಮಾಡಿ ಅತ್ತಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ. ಈಗ ಹೇಳಬಹುದು, ಏಕೆಂದರೆ ಇವತ್ತು ಎರಡು ಮುದ್ದೆ ಉಂಡಿದ್ದೇನೆ. ನಿನ್ನ ಗುಂಪಿನವರು ಚಿಕ್ಕಂದಿನಲ್ಲಿ ಆಡಿದ ವೀಡಿಯೊ ಗೇಮಿನ ಹಾಡುಗಳನ್ನು ಅರಬ್ಬಿ ವಾದ್ಯಗಳಲ್ಲಿ, ಅರಬ್ಬಿ ಧಾಟಿಗೆ ತಿರುಗಿಸಿ ನುಡಿಸುತ್ತಾರೆ ಎಂದಾಗ ಮೊದಲು ನನಗೆ ಅರ್ಥವಾಗಿರಲಿಲ್ಲ. ನಿನ್ನ ಔದಿನ ಫೋಟೋ ನೋಡಿ, ಸೀಳಿದ ಕುಂಬಳಕಾಯಿಗೆ ತಂತಿ ಬಿಗಿದ ಹಾಗಿದೆ, ವೀಣೆಗಿರುವ ಮೆಟ್ಟಿಲೂ ಇಲ್ಲ, ಅಂಗಡಿಯವನು ಮೋಸ ಮಾಡಿದನೇ ಎಂದು ಕೇಳಿದ್ದೆ. ನಿಮ್ಮ ಉಸ್ತಾದರು ನುಡಿಸುವ ವಾದ್ಯದ ಹೆಸರು ಕಾನೂನ್ ಎಂದಾಗಲಂತೂ ನಗು ತಡೆಯಲಾಗಲಿಲ್ಲ. ಇಡೀ ಸರ್ವೀಸು ತಾಲ್ಲೂಕು ಕೋರ್ಟಿನ ಗುಮಾಸ್ತನಾಗಿ ಕಾನೂನಿನ ಪಕ್ಕದಲ್ಲೇ ಕೂತಿದ್ದೆನಲ್ಲ, ಒಂದು ದಿನವೂ ಅದು ಇಂಪಾಗಿ ಕೇಳಿಸಿರಲಿಲ್ಲ.

ಆದರೆ ಅವತ್ತು ನೀನು ಹೇಳಿದ್ದು ನಗುವ ಮಾತಾಗಿರಲಿಲ್ಲ. ಮೈಸೂರಿನಿಂದ ನಾನು ತಂದುಕೊಟ್ಟಿದ್ದ ಟೀವಿ ಗೇಮಿನಲ್ಲಿ ದೀಪ ಹಿಡಿದ ಪುಟ್ಟ ಆಸಾಮಿಯೊಬ್ಬ ಕೋಟೆಯೊಳಗೆ ಓಡುತ್ತಿದ್ದನಲ್ಲ, ಆ ಆಟದ ರಾಗವನ್ನು ನೀನು ಕಾರ್ಯಕ್ರಮಕ್ಕೆ ಆರಿಸಿದ್ದೆ. ಮೊದಲ ಭಾಗ ಎಲ್ಲರಿಗೂ ಸರಿ ಬಂತು. ಎರಡನೆಯ ಭಾಗಕ್ಕೆ ಬಂದಾಗ ಉಸ್ತಾದರು ಕೈ ನಿಲ್ಲಿಸಿ, ಮೂಲದ ಸಂಗೀತವನ್ನು ಇಂಟರ್ನೆಟ್ಟಿನಲ್ಲಿ ತೆಗೆದು ಕೇಳಿಸಿದರು. ಅದು ನೇರ ಮೇಲಕ್ಕೆ ಹತ್ತುತ್ತದೆ. ನಿನ್ನದು ಕೆಳಗಿಳಿದು, ಯಾವ ಸ್ವರವೂ ಅಲ್ಲದ ಜಾಗದಲ್ಲಿ ನಿಲ್ಲುತ್ತದೆ. ಎಲ್ಲಿ ಕೇಳಿದ್ದೆ ಎಂದರು. ‘ನಮ್ಮಮ್ಮ ಹೀಗೇ ಗುನುಗುತ್ತಿದ್ದಳು’ ಅಂದೆ. ಬೇರೆ ಯಾರಾದರೂ ಕೇಳಿದ್ದಾರೆಯೇ ಅಂದರು. ಆ ರಾತ್ರಿ ನನಗೆ ಫೋನು ಮಾಡಿ, ‘ಅಪ್ಪಾ, ಅಮ್ಮ ಹಾಗೆ ಹಾಡ್ತಿದ್ಲಾ, ಇಲ್ಲಾ ನಾನೇ ಕಲ್ಪಿಸ್ಕೊಂಡಿದೀನಾ? ಅವಳ ದನಿ ನಂಗೆ ಅಷ್ಟೇ ಉಳ್ಕೊಂಡಿರೋದು. ಅದೂ ಸುಳ್ಳಾದ್ರೆ ನಾ ಈ ಹಾಡು ಬಿಟ್ಬಿಡ್ತೀನಿ’ ಅಂದೆ. ನಾನು ನೆನಪಿಲ್ಲಮ್ಮ ಎಂದೆ. ನಿಮ್ಮಮ್ಮನ ದನಿ ಯಾವ ಕ್ಯಾಸೆಟ್ಟಿನಲ್ಲೂ ಫೋನಿನಲ್ಲೂ ಇಲ್ಲ. ಮದುವೆ ವೀಡಿಯೊಗಳಲ್ಲಿ ಕೂಡ ಅವಳು ಯಾವಾಗಲೂ ಬಡಿಸುತ್ತಿರುತ್ತಾಳೆ, ಮಾತಾಡುವುದಿಲ್ಲ.

ಕೋರ್ಟಿನಲ್ಲಿ ಒಬ್ಬಳೇ ಸಾಕ್ಷಿ ಇದ್ದರೆ ವಕೀಲರು ಕಾರಾಬೊರೇಷನ್ ಎಲ್ಲಿ ಅನ್ನುತ್ತಾರೆ. ಇನ್ನೊಬ್ಬರು ಅದೇ ಮಾತನ್ನು ಅವರಾಗಿ ಹೇಳಬೇಕು. ನಿಮ್ಮಮ್ಮನ ಜೊತೆ ಮಧ್ಯಾಹ್ನಗಳನ್ನು ಕಳೆದವರು ಯಾರು ಎಂದು ಯೋಚಿಸಿದರೆ ಹೊಳೆದದ್ದು ಒಂದೇ ಹೆಸರು, ನಿನ್ನ ಚಿಕ್ಕಮ್ಮ ಮಂಗಳಗೌರಿ. ಚಾಮರಾಜನಗರಕ್ಕೆ ಹೋಗುವ ಮುಂಚೆ ಅವಳು ನಮ್ಮ ಬೀದಿಯಲ್ಲೇ ಇದ್ದಳಲ್ಲ. ಫೋನು ಮಾಡಿದರೆ ಎತ್ತಲಿಲ್ಲ, ಮಾರನೆಯ ದಿನವೂ ಎತ್ತಲಿಲ್ಲ. ಏಲಕ್ಕಿ ಬಾಳೆಹಣ್ಣು ಕಟ್ಟಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ. ತೆರಕಣಾಂಬಿಯವರೆಗೆ ನಿಂತೇ ಇದ್ದೆ, ಮಂಡಿಯ ವಿಚಾರ ಅದಕ್ಕೇ ಬರೆದದ್ದು.

ಬಾಗಿಲು ತೆಗೆದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಲ್ಲೆಲ್ಲ ಕೀಳಿಸಿದ್ದಾಳೆ ಕಣಮ್ಮಾ, ಹೊಸ ಸೆಟ್ಟು ಇನ್ನೂ ಬಂದಿಲ್ಲ. ಫೋನು ಎತ್ತದಿದ್ದುದಕ್ಕೂ ಅದೇ ಕಾರಣ. ‘ನಗ್ಬ್ಯಾಡಿ ಭಾವ, ನಕ್ರೆ ಇಲ್ಲಿಂದ್ಲೇ ವಾಪಸ್ ಕಳಿಸ್ಬುಡ್ತೀನಿ’ ಅಂದಳು. ನಾನು ನಗಲಿಲ್ಲ. ಬಾಳೆಹಣ್ಣು ನೋಡಿ ಅವಳೇ ನಕ್ಕಳು.

ಬಂದ ವಿಷಯ ಹೇಳಿದೆ. ಆಮೇಲೆ ಹೊರಬಂದದ್ದು ಕೇಳು. ‘ಅಯ್ಯೋ ಬುಡಿ ಭಾವ, ಮಕ್ಳು ಆಡ್ತಿದ್ದದ್ದು ಯಾವ ಆಟ? ಮೊದಲ್ನೇ ಕೋಟೇಲೇ ಬಿದ್ದು ಸಾಯೋವು. ನೀವು ಕೋರ್ಟಿಗೆ ಹೋದ್ರಿ, ಕಾವ್ಯಿ ಸ್ಕೂಲಿಗೆ ಹೋದ್ಲು, ಅಕ್ಕ ಟೀವಿ ಮುಂದೆ ಕುಂತ್ಲು ಅಂತ ತಿಳ್ಕಳಿ. ನಾನು ಕಿಟಕೀಲಿ ಕಾವಲು.’ ನಿಮ್ಮಮ್ಮ ಎರಡನೇ ಕೋಟೆ ದಾಟಿದ್ದಳಂತೆ. ನೀವು ಮಕ್ಕಳು ಒಂದು ದಿನವೂ ಅಲ್ಲಿಗೆ ಮುಟ್ಟಿರಲಿಲ್ಲ. ಆ ಎರಡನೆಯ ಭಾಗ ಬರುವುದೇ ಅಲ್ಲಿ. ಎಂದರೆ, ಮಗಳೇ, ಅದನ್ನು ನೀನು ಆಟದಲ್ಲಿ ಕೇಳಿಯೇ ಇಲ್ಲ. ಅವಳ ಬಾಯಲ್ಲಿ ಮಾತ್ರ ಕೇಳಿದ್ದು. ನಿಮ್ಮ ಉಸ್ತಾದರ ಮಾತೂ ನಿಜ, ನಿನ್ನ ಮಾತೂ ನಿಜ. ಇಂಥ ತೀರ್ಪನ್ನು ನಾನು ನಮ್ಮ ಕೋರ್ಟಿನಲ್ಲಿ ನೋಡಿರಲಿಲ್ಲ.

ಆದರೆ ಕಥೆ ಹೇಳಿದರೆ ಸಾಲದು, ರಾಗ ಬೇಕಲ್ಲ. ಫೋನು ಹಿಡಿದು ಹಾಡು ಗೌರಿ ಎಂದೆ. ಹಾಡಿದರೆ ಹಲ್ಲಿಲ್ಲದ ಬಾಯಿಂದ ಬರೀ ಗಾಳಿ. ಗುನುಗು ಎಂದೆ, ಗುನುಗುವುದಕ್ಕೆ ಹಲ್ಲು ಬೇಡ. ಗುನುಗಿದಳು, ನೇರ ಮೇಲಕ್ಕೆ ಹತ್ತಿತು, ಉಸ್ತಾದರು ಕೇಳಿಸಿದ ಹಾಗೇ. ಇನ್ನೊಂದು ಸಲವೂ ಹಾಗೇ. ನಿನಗೆ ಏನೆಂದು ಹೇಳಲಿ? ಅವಳಿಗೆ ಸಿಟ್ಟು ಬಂತು, ನನ್ನ ಮೇಲಲ್ಲ, ತನ್ನ ಮೇಲೆ. ‘ಇದಲ್ಲ ಭಾವ, ಇದಲ್ಲ. ಅಕ್ಕ ಹಿಂಗೆ ಕೈ ಕಟ್ಕಂಡು ಕುಂತು ಹಾಡಿದೋಳಲ್ಲ’ ಎನ್ನುತ್ತ ಅಡುಗೆಮನೆಗೆ ಹೋದಳು. ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದ್ದಳು. ಗ್ರೈಂಡರಿಗೆ ಸುರಿದು ಸ್ವಿಚ್ಚು ಹಾಕಿದಳು. ಕಲ್ಲು ತಿರುಗಿ ಅದರ ಗೊರಗೊರ ಒಂದೇ ಸಮನಾಯಿತು. ಅದರ ಪಕ್ಕ ನಿಂತು, ಹಿಟ್ಟನ್ನು ಕೈಯಿಂದ ತಳ್ಳುತ್ತ, ನನ್ನ ಕಡೆ ನೋಡದೆ ಗುನುಗಿದಳು. ರಾಗ ಕೆಳಗಿಳಿಯಿತು ಕಾವ್ಯಾ. ಗ್ರೈಂಡರಿನ ಸದ್ದಿಗೆ ಒರಗಿಕೊಂಡು ಇಳಿದು, ಹಾರ್ಮೋನಿಯಂನ ಬಿಳಿ ಮನೆಗೂ ಸೇರದೆ ಕಪ್ಪು ಮನೆಗೂ ಸೇರದೆ, ನಡುವೆ ಒಂದು ಕಡೆ ನಿಂತು, ನಿಧಾನಕ್ಕೆ ಉಸಿರು ಬಿಟ್ಟಿತು. ಮಧ್ಯಾಹ್ನ ಮೂರರ ಹೊತ್ತಿಗೆ, ನೀನು ಸ್ಕೂಲಿನಿಂದ ಬರುವಾಗ ರುಬ್ಬುತ್ತಿರುತ್ತಿದ್ದ ನಿಮ್ಮಮ್ಮನಿಗೆ ಅದೇ ತಂಬೂರಿಯಾಗಿತ್ತು. ಆಟದ ರಾಗ ಅದಕ್ಕೆ ಕೂಡುವುದಿಲ್ಲವೆಂದು ಅವಳೇ ತಿರುಗಿಸಿಕೊಂಡಿದ್ದಳು. ನೀವು ಅಲ್ಲಿ ಇಷ್ಟು ಜನ ಸೇರಿ ಮಾಡುತ್ತಿರುವ ಕೆಲಸವನ್ನು ಅವಳು ದೋಸೆಹಿಟ್ಟು ರುಬ್ಬುತ್ತ ಮಾಡಿದ್ದಳು. ಹೆನ್ಸ್ ಪ್ರೂವ್ಡ್ ಎಂದು ನಾನು ಗಟ್ಟಿಯಾಗಿ ಅಂದುಬಿಟ್ಟೆ, ರೆಕಾರ್ಡಿಂಗಿನಲ್ಲಿ ಅದೂ ಬಿದ್ದಿದೆ, ಕತ್ತರಿಸಿಕೋ. ಗ್ರೈಂಡರನ್ನು ಮಾತ್ರ ಮುಟ್ಟಬೇಡ. ಅದಿಲ್ಲದಿದ್ದರೆ ಆ ಸ್ವರ ಅಲ್ಲಿ ಯಾಕೆ ನಿಂತಿತು ಎಂದು ಕೇಳಿದವರಿಗೆ ಗೊತ್ತಾಗುವುದಿಲ್ಲ.

ನಿನ್ನೆ ನೀನು ಹೇಳಿದ್ದನ್ನು ರಾತ್ರಿಯೆಲ್ಲ ನೆನೆದುಕೊಂಡೆ. ಉಸ್ತಾದರು ಗೌರಿಯ ಗುನುಗು ಕೇಳಿ, ಕಾನೂನಿನ ತಂತಿಗಳ ಬುಡದಲ್ಲಿರುವ ಚಿಕ್ಕ ಚಿಕ್ಕ ಕೀಲುಗಳನ್ನು ಎತ್ತಿ, ಇಳಿಸಿ, ಆ ನಡುವಿನ ಸ್ವರವನ್ನು ಹುಡುಕಿ ಹಿಡಿದರಂತೆ. ‘ಇದು ನಮ್ಮ ಅರಬ್ಬಿ ರಾಗಗಳಲ್ಲಿರುವ ಜಾಗವೇ, ನಿನ್ನ ತಾಯಿಗೆ ದಾರಿ ಯಾರು ತೋರಿಸಿದರು?’ ಅಂದರಂತೆ. ನಿನ್ನ ಔದಿಗೆ ಮೆಟ್ಟಿಲಿಲ್ಲದ್ದು ಇಂಥ ನಡುವಿನ ಸ್ವರ ಹಿಡಿಯಲಿಕ್ಕೇ, ಮೋಸವಲ್ಲ ಎಂದು ಈಗ ಒಪ್ಪುತ್ತೇನೆ. ನಿನ್ನ ದನಿಯಲ್ಲಿ ಹೋದ ತಿಂಗಳಿನ ಅಳು ಇರಲಿಲ್ಲ, ಅಷ್ಟು ಸಾಕು ನನಗೆ. ಗೌರಿಗೂ ಹೇಳಿದೆ. ಹೊಸ ಹಲ್ಲು ಬಂದ ಮೇಲೆ ಸರಿಯಾಗಿ ಹಾಡಿ ಕಳಿಸುತ್ತಾಳಂತೆ. ಬೇಡ ಎಂದಿದ್ದೇನೆ, ಹಲ್ಲು ಬಂದರೆ ರಾಗ ಕೆಟ್ಟೀತು.

ಇನ್ನೂ ಬರೆಯುತ್ತಿದ್ದೆ. ಜಗಲಿಯ ಮೇಲೆ ಬೆಳಕು ಕಡಿಮೆಯಾಗುತ್ತಿದೆ, ಈ ಸಾಲು ಮೇಲಿನ ಸಾಲಿನ ಮೇಲೆ ಹತ್ತುತ್ತಿದೆ ಎಂದು ಈಗ ನೋಡಿದೆ. ನಿಲ್ಲಿಸುತ್ತೇನೆ. ಅಳಿಯಂದಿರಿಗೆ ನನ್ನ ನೆನಪು ತಿಳಿಸು, ಉಸ್ತಾದರಿಗೆ ಗುಂಡ್ಲುಪೇಟೆಯ ಹಳೆಯ ಗುಮಾಸ್ತನೊಬ್ಬನ ನಮಸ್ಕಾರ. ಮಾದಪ್ಪ ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ಅಪ್ಪ,
ಶಿವರುದ್ರಸ್ವಾಮಿ

ವಿ.ಸೂ.: ಪೂರ್ತಿ ಕತ್ತಲಾಗುವ ಮುಂಚೆ ಇದೊಂದು. ಅವತ್ತು ನಿನಗೆ ನೆನಪಿಲ್ಲ ಎಂದದ್ದು ಸರಿಯಲ್ಲ. ನೆನಪಿಲ್ಲದ್ದಲ್ಲ, ನಾನು ಕೇಳಿಯೇ ಇರಲಿಲ್ಲ. ನಾನು ಮನೆಗೆ ಬರುವ ಹೊತ್ತಿಗೆ ಗ್ರೈಂಡರು ತೊಳೆದು ಬೋರಲು ಹಾಕಿಯಾಗಿರುತ್ತಿತ್ತು, ಅವಳು ಕಾಫಿಗೆ ಇಟ್ಟಿರುತ್ತಿದ್ದಳು. ಅವಳು ಹಾಡುತ್ತಿದ್ದಳು ಎಂಬುದೇ ನನಗೆ ಗೊತ್ತಿರಲಿಲ್ಲ ಕಣಮ್ಮಾ. ನಿಮ್ಮದು ನುಡಿಸಿ ಮುಗಿದಾಗ ಮೊದಲು ನನಗೆ ಕಳಿಸು. ಮಧ್ಯಾಹ್ನ ಮೂರರ ಹೊತ್ತಿಗೆ ಕಳಿಸು. ಮನೆಯಲ್ಲೇ ಇರುತ್ತೇನೆ.